ಹಿತ್ತಲ ಶೆಡ್ಡು ಪಕ್ಕಾ ಕೋಣೆಯಾಗುವ ಮುನ್ನ



ರೋಣ, ನರಗುಂದ, ಗಜೇಂದ್ರಗಡದ ಓಣಿಗಳಲ್ಲಿ ಅನೇಕ ಮನೆಗಳ ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು ಕಣ್ಣಿಗೆ ಬೀಳುತ್ತದೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ಹತ್ತು ಹನ್ನೆರಡು ತಗಡು, ಸುತ್ತಲೂ ತಗಡಿನದೋ ಫರಸಿ ಕಲ್ಲಿನದೋ ಮರೆ. ಕಟ್ಟಿಗೆ ಇಡಲು, ಆಡು ಕಟ್ಟಲು ಹಾಕಿಸಿದ್ದು. ಆಮೇಲೆ ಮನೆಯಲ್ಲಿ ಜನ ಹೆಚ್ಚಾಗುತ್ತಾರೆ. ಮಗನ ಮದುವೆಯಾಗುತ್ತದೆ, ಆಡು ಹೊರಗೆ ಹೋಗಿ ಮಂಚ ಒಳಗೆ ಬರುತ್ತದೆ. ಇಲ್ಲವೇ ಗಂಡನನ್ನು ಕಳೆದುಕೊಂಡ ಮಗಳು ಇಬ್ಬರು ಮಕ್ಕಳ ಕೈಹಿಡಿದು ತವರಿಗೆ ಬರುತ್ತಾಳೆ. ಅವಳಿಗೆ ಆ ಶೆಡ್ಡೇ ಮನೆಯಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಕೂರಲಾಗದು. ಮಳೆ ಬಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದು. ಜೋರು ಗಾಳಿಯ ರಾತ್ರಿ ತಗಡು ಹಾರಿಹೋದೀತೆಂದು ತಾಯಿ ನಿದ್ದೆಗೆಡುತ್ತಾಳೆ. ಕೊನೆಗೊಂದು ದಿನ ಮನೆಯಲ್ಲಿ ಮಾತು ಹೊರಡುತ್ತದೆ: “ಈ ವರ್ಷ ಇದನ್ನು ಕಿತ್ತುಹಾಕಿ ಒಂದು ಪಕ್ಕಾ ಕೋಣೆ ಕಟ್ಟಿಬಿಡೋಣ.”

ಒಳ್ಳೆಯ ವಿಚಾರವೇ. ತಲೆಯ ಮೇಲೊಂದು ಗಟ್ಟಿ ಸೂರು ಎಲ್ಲರಿಗೂ ಬೇಕು. ಆದರೆ ಗೌಂಡಿಯನ್ನು ಕರೆಯುವ ಮುನ್ನ ಈ ಪುಟವನ್ನು ಓದಿ, ಮನೆಯ ಗಂಡಸರಿಗೂ ಓದಿ ಹೇಳಿ. ಏಕೆಂದರೆ ಶೆಡ್ಡು ಬೇರೆ, ಕೋಣೆ ಬೇರೆ. ಶೆಡ್ಡಿನ ಎಷ್ಟೋ ತಪ್ಪುಗಳನ್ನು ನೆಲವೂ ಸಹಿಸುತ್ತದೆ, ಕಚೇರಿಯೂ ಸಹಿಸುತ್ತದೆ, ಬಂಧುಗಳೂ ಸಹಿಸುತ್ತಾರೆ. ಅದನ್ನು ನಾಳೆ ಬಿಚ್ಚಿ ಬೇರೆ ಕಡೆ ಇಡಬಹುದು ಎಂಬುದೇ ಅದಕ್ಕೆ ಕಾರಣ. ಕಲ್ಲು, ಸಿಮೆಂಟಿನ ಕೋಣೆಯನ್ನು ಹಾಗೆ ಎತ್ತಿಡಲಾಗದು. ಅದು ನೆಲದ ಮೇಲೆ ಭಾರ ಹಾಕುತ್ತದೆ, ಕಾಗದದ ಮೇಲೆ ಭಾರ ಹಾಕುತ್ತದೆ, ಅಣ್ಣತಮ್ಮ ಅಕ್ಕತಂಗಿಯರ ಪಾಲಿನ ಮೇಲೂ ಭಾರ ಹಾಕುತ್ತದೆ. ಈ ಮೂರನ್ನೂ ಮೊದಲೇ ನೋಡಿಕೊಳ್ಳದಿದ್ದರೆ ಸೂರು ಬಂದು ನೆಮ್ಮದಿ ಹೋಗುತ್ತದೆ.

ಈ ಗೊಂದಲ ನಮ್ಮ ಊರುಗಳದ್ದು ಮಾತ್ರವಲ್ಲ. ಇಂಗ್ಲೆಂಡಿನಲ್ಲಿ ಕೆಲವರು ಮನೆಯ ತೋಟದಲ್ಲಿ ಕ್ಯಾರವಾನ್ ಎಂಬ ಗಾಲಿಮನೆಯನ್ನು ನಿಲ್ಲಿಸಿಕೊಂಡಿರುತ್ತಾರೆ. ಎಳೆದುಕೊಂಡು ಹೋಗಬಹುದಾದ ಆ ಗಾಲಿಮನೆಯನ್ನು ಮನೆಯವರೇ ಮನೆಯ ಬಳಕೆಗೆ ಇಟ್ಟುಕೊಂಡಿದ್ದರೆ ಅದನ್ನು ಸಾಮಾನ್ಯವಾಗಿ ಕಟ್ಟಡವೆಂದು ಎಣಿಸುವುದಿಲ್ಲ. ಅದು ಹಳತಾದಾಗ ಅದೇ ಜಾಗದಲ್ಲಿ ಮರದ ಕೋಣೆ ಕಟ್ಟಲು ಹೊರಟರೆ ಕಟ್ಟಡದ ನಿಯಮಗಳೆಲ್ಲ ಎದುರಾಗುತ್ತವೆ. ಗಡಿಯಿಂದ 2 ಮೀಟರಿನೊಳಗೆ ಕಟ್ಟುವುದಾದರೆ ಎತ್ತರ ಎರಡೂವರೆ ಮೀಟರ್ ದಾಟಬಾರದು. ಮನೆಯ ಸುತ್ತಲಿನ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಬಾರದು. ಬೇರೆ ಸಂಸಾರ ಹೂಡುವ ಮನೆಯಾಗಿಸುವುದಾದರೆ ಮೊದಲೇ ಅನುಮತಿ ಪಡೆಯಬೇಕು. “ಇಷ್ಟು ದಿನ ಇಲ್ಲಿ ಒಂದು ಇತ್ತಲ್ಲ, ಅದರ ಬದಲಿಗೆ ಇದು” ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲೂ ನಡೆಯುವುದಿಲ್ಲ.

ಮೊದಲು ನೆಲವನ್ನು ಕೇಳಿ

ರೋಣ, ನರಗುಂದದ ನೆಲ ಬಹುಪಾಲು ಎರೆ. ಬಿಳಿಜೋಳ, ಕಡಲೆ, ಹತ್ತಿಗೆ ಇದಕ್ಕಿಂತ ಒಳ್ಳೆಯ ಭೂಮಿ ಇಲ್ಲ. ಮನೆ ಕಟ್ಟಲು ಇದಕ್ಕಿಂತ ಕಷ್ಟದ ಭೂಮಿಯೂ ಇಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಕೈ ಹಾಕಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಗಡಿನ ಶೆಡ್ಡು ಈ ಏರಿಳಿತದೊಂದಿಗೆ ತಾನೂ ಸ್ವಲ್ಪ ವಾಲಿ, ಸ್ವಲ್ಪ ಎದ್ದು ನಿಂತುಬಿಡುತ್ತದೆ. ಕಲ್ಲಿನ ಗೋಡೆ ಹಾಗಲ್ಲ, ಸೀಳುತ್ತದೆ. ಅದರಲ್ಲೂ ಒಂದೇ ಅಂತಸ್ತಿನ ಸಣ್ಣ ಕೋಣೆಗೆ ಅಪಾಯ ಹೆಚ್ಚು. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅದಕ್ಕಿರುವುದಿಲ್ಲ.

ಆದ್ದರಿಂದ “ಸಣ್ಣ ಕೋಣೆಗೆ ಎಂಥ ಪಾಯ? ಎರಡು ಅಡಿ ತೋಡಿದರೆ ಸಾಕು” ಎನ್ನುವವರ ಮಾತನ್ನು ಕೇಳಬೇಡಿ. ಎರೆ ಮಣ್ಣಿನಲ್ಲಿ ಮಳೆ ಬಿಸಿಲಿಗೆ ಏರಿಳಿಯುವ ಪದರವನ್ನು ದಾಟಿ ಪಾಯ ಕೆಳಗೆ ಹೋಗಬೇಕು. ತೋಡಿದ ಎರೆಯನ್ನೇ ಮತ್ತೆ ತುಂಬದೆ ಗರಸು ಹಾಕಿ, ನೀರು ಹೊಡೆದು, ದಮ್ಮಸು ಮಾಡಬೇಕು. ಗೋಡೆಯ ಕೆಳಗೆ ಸುತ್ತಲೂ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಇರಬೇಕು. ಮಣ್ಣು ತೀರಾ ಕೆಟ್ಟದಾಗಿದ್ದರೆ ನೆಲದೊಳಗೆ ಕೊರೆದು, ಕೆಳತುದಿಯನ್ನು ಗಡ್ಡೆಯಂತೆ ಅಗಲಗೊಳಿಸಿ ಕಾಂಕ್ರೀಟ್ ತುಂಬುವ ಕಂಬಗಳ ವಿಧಾನವಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ಬೆಳೆಸಿದ ವಿಧಾನ ಅದು. ಯಾವುದು ಬೇಕೆಂದು ಗುಂಡಿ ತೆಗೆಸಿ ಮಣ್ಣು ನೋಡಿದ ಎಂಜಿನಿಯರ್ ಹೇಳಲಿ. ಹೊಸ ಕೋಣೆಯನ್ನು ಹಳೆಯ ಮಣ್ಣಿನ ಗೋಡೆಗೆ ಬೆಸೆಯಬೇಡಿ. ನಡುವೆ ಸಣ್ಣ ಸಂದು ಬಿಡಿಸಿ. ಎರಡೂ ಬೇರೆ ಬೇರೆ ಗತಿಯಲ್ಲಿ ಕುಸಿಯುತ್ತವೆ, ಬೆಸೆದ ಕಡೆಯೇ ಬಿರುಕು ಬೀಳುತ್ತದೆ. ಬಚ್ಚಲಿನ ನೀರು ಪಾಯದ ಪಕ್ಕದಲ್ಲಿ ಇಂಗದಂತೆ ದೂರ ಹರಿಸಿ.

ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಕಲ್ಲುನೆಲ ಸಿಗುವ ಕಡೆ ಪಾಯದ ಚಿಂತೆ ಕಡಿಮೆ, ಗಾಳಿಯ ಚಿಂತೆ ಹೆಚ್ಚು. ಆ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಗೋಡೆ ಪಕ್ಕಾ ಮಾಡಿ ಮೇಲೆ ಹಳೆಯ ತಗಡನ್ನೇ ಹೊದಿಸುವವರು ಅದನ್ನು ಗೋಡೆಗೆ ಬೋಲ್ಟಿನಿಂದ ಬಿಗಿಸಬೇಕು. ಮೇಲೆ ಕಲ್ಲು ಹೇರಿ ಬಿಡುವುದು ಕೆಳಗೆ ಮಲಗುವ ಮಕ್ಕಳಿಗೆ ಅಪಾಯ.

ನರಗುಂದದವರಿಗೆ ಇನ್ನೊಂದು ಮಾತು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದ ಮೇಲೆ ಸಣ್ಣ ಬಾಯಿ, ಒಳಗೆ ಆಳವಾದ ಅಗಲವಾದ ಹೊಟ್ಟೆ. ಬರಗಾಲದಲ್ಲಿ ಮನೆಯನ್ನು ಕಾಯ್ದ ಹಗೇವುಗಳು ಬಳಕೆ ತಪ್ಪಿದ ಮೇಲೆ ಬಾಯಿ ಮುಚ್ಚಿಸಿಕೊಂಡು ಹಾಗೆಯೇ ಉಳಿದವು. 2019ರಿಂದ ಈಚೆಗೆ ನರಗುಂದ ಪಟ್ಟಣದ ಹಳೆಯ ಓಣಿಗಳಲ್ಲಿ ಮನೆಯೊಳಗೆ, ಅಂಗಳದಲ್ಲಿ, ರಸ್ತೆಯಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದ ಸುದ್ದಿಗಳನ್ನು ನೀವು ಓದಿದ್ದೀರಿ, ಕೆಲವರು ಕಣ್ಣಾರೆ ಕಂಡಿದ್ದೀರಿ. ಹಳೆಯ ಹಗೇವುಗಳು ಮತ್ತು ಮೇಲಕ್ಕೇರಿದ ಅಂತರ್ಜಲ ಇದಕ್ಕೆ ಕಾರಣವೆಂದು ಹೇಳಲಾಯಿತು. ನಿಮ್ಮ ಹಿತ್ತಲಿನಲ್ಲಿ ಹಗೇವು ಇತ್ತೇ ಎಂಬುದನ್ನು ಯಾವ ಉತಾರವೂ ಹೇಳುವುದಿಲ್ಲ. ಹೇಳಬಲ್ಲವರು ಮನೆಯ ದಾದಿಮಾ, ನಾನಿಮಾ, ಪಕ್ಕದ ಮನೆಯ ಮುದುಕಿ. ಅವರನ್ನು ಹಿತ್ತಲಿಗೆ ಕರೆದೊಯ್ದು ಕೇಳಿ. ಶಂಕೆಯಿದ್ದರೆ ಪಾಯ ಹಾಕುವ ಜಾಗದಲ್ಲಿ ಕಬ್ಬಿಣದ ಹಾರೆಯಿಂದ ತಟ್ಟಿಸಿ, ಕೊರೆದು ನೋಡಿಸಿ. ಹಗೇವು ಸಿಕ್ಕರೆ ಒಳಗೆ ಯಾರನ್ನೂ ಇಳಿಸಬೇಡಿ. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಬಾಯಿ ತೆರೆಸಿ, ಮೇಲಿನಿಂದಲೇ ಗರಸು ತುಂಬಿಸಿ, ಎಂಜಿನಿಯರ್ ಒಪ್ಪಿದ ಮೇಲೆಯೇ ಮುಂದಿನ ಕೆಲಸ.

ಮಲಪ್ರಭೆಯ ದಂಡೆಯ ಊರುಗಳವರಿಗೆ ನೆರೆಯ ನೆನಪು ಬೇರೆಯೇ ಇದೆ. 2009ರ ಅಕ್ಟೋಬರ್, 2019ರ ಆಗಸ್ಟ್, ಎರಡು ಸಲವೂ ಕೊಣ್ಣೂರು, ಹೊಳೆಆಲೂರು ಕಡೆಯ ಜನ ಮನೆ ಬಿಟ್ಟು ತಗಡಿನ ಶೆಡ್ಡುಗಳಲ್ಲಿ ದಿನ ಕಳೆದರು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿ ಕಂತುಗಳಲ್ಲಿ ಕೊಟ್ಟಿತು. ಅಂಥ ಹಣ ದಾಖಲೆಯಲ್ಲಿ ಇರುವವರ ಕೈಗೆ ಬರುತ್ತದೆ. ಕಾಗದದಲ್ಲಿ ಇಲ್ಲದ ಶೆಡ್ಡಿನಲ್ಲಿ ಹತ್ತು ವರ್ಷ ಸಂಸಾರ ಮಾಡಿದ್ದರೂ ಪರಿಹಾರ ಕೇಳುವಾಗ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಕಾಗದ ಏನು ಹೇಳುತ್ತದೆ?

ಪುರಸಭೆಯ ಮಿತಿಯಲ್ಲಿರುವ ಮನೆಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ 187ನೇ ಕಲಂ ಪ್ರಕಾರ ಕಟ್ಟಡ ಕಟ್ಟುವ ಮುನ್ನ ಪುರಸಭೆಗೆ ತಿಳಿಸಿ, ನಕ್ಷೆ ಕೊಟ್ಟು, ಅನುಮತಿ ಪಡೆಯಬೇಕು. ಬರಿ ನಿವೇಶನದಲ್ಲಿ ಹೊಸ ಮನೆ ಕಟ್ಟುವುದಕ್ಕೆ ಮಾತ್ರ ಇದು ಸೀಮಿತವಲ್ಲ. ಇದ್ದ ಮನೆಗೆ ಕೋಣೆ ಸೇರಿಸುವುದು, ವಾಸಕ್ಕೆಂದು ಕಟ್ಟದೇ ಇದ್ದ ಶೆಡ್ಡನ್ನು ವಾಸದ ಕೋಣೆಯಾಗಿ ಬದಲಿಸುವುದು, ಇವೂ ಕಟ್ಟುವುದೆಂದೇ ಲೆಕ್ಕ. “ನಮ್ಮ ಹಿತ್ತಲು, ನಾವು ಕಟ್ಟುತ್ತೇವೆ” ಎಂಬುದು ಅರ್ಧ ಸತ್ಯ ಮಾತ್ರ. ಹಿತ್ತಲು ನಿಮ್ಮದು, ಆದರೆ ನಾಲ್ಕೂ ಕಡೆ ಎಷ್ಟು ಜಾಗ ಖಾಲಿ ಬಿಡಬೇಕು, ಒಟ್ಟು ಜಾಗದಲ್ಲಿ ಎಷ್ಟು ಭಾಗ ಕಟ್ಟಬಹುದು ಎಂಬುದು ನಿವೇಶನದ ಅಳತೆ, ಮುಂದಿನ ರಸ್ತೆಯ ಅಗಲದ ಮೇಲೆ ನಿಂತಿದೆ. ಹಿತ್ತಲನ್ನು ಪೂರ್ತಿ ಮುಚ್ಚುವ ನಕ್ಷೆ ಸಾಮಾನ್ಯವಾಗಿ ಪಾಸಾಗುವುದಿಲ್ಲ. ಆ ನಿಯಮ ನಮ್ಮ ಒಳ್ಳೆಯದಕ್ಕೇ ಇದೆ. ಹಿಂದೆ ಗಾಳಿ ಬೆಳಕು ಇಲ್ಲದ ಮನೆಯಲ್ಲಿ ದಿನವಿಡೀ ಇರುವವರು ಹೆಂಗಸರೇ ತಾನೆ?

ಗ್ರಾಮ ಪಂಚಾಯತಿಯ ಊರುಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂ ಇದೇ ಕೆಲಸ ಮಾಡುತ್ತದೆ. ಪಂಚಾಯತಿಯ ಅನುಮತಿ ಬೇಕು. ಇ-ಸ್ವತ್ತಿನಲ್ಲಿ ನಿಮ್ಮ ಆಸ್ತಿಯ ನಮೂನೆ 9 ಮತ್ತು 11 ತೆಗೆಸಿ ನೋಡಿ. ಹೆಸರು ಯಾರದ್ದಿದೆ? ಉದ್ದ ಅಗಲ ಸರಿಯಿದೆಯೇ? ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಎಂದು ಬರೆದ ಕಡೆ ನಿಜಕ್ಕೂ ರಸ್ತೆಯಿದೆಯೇ? 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣಾ ಅಳೆದ ಊರುಗಳಲ್ಲಿ ಆ ಅಳತೆಯನ್ನೂ ಹೋಲಿಸಿ ನೋಡಿ. ತಪ್ಪಿದ್ದರೆ ಪಾಯ ತೋಡುವ ಮೊದಲೇ ಸರಿಪಡಿಸಿಕೊಳ್ಳಿ.

ಹೊಲದಲ್ಲಿರುವ ಶೆಡ್ಡಿನ ಲೆಕ್ಕ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ಹೊಲದಲ್ಲಿ ಬೇಸಾಯದ ಅನುಕೂಲಕ್ಕೆ ಹೊಲಮನೆ ಕಟ್ಟಿಕೊಳ್ಳಲು ಭೂಪರಿವರ್ತನೆ ಬೇಕಿಲ್ಲ. ಆದರೆ ಆ ಮನೆ ಅವನ ಹಿಡುವಳಿಯ ನೂರಕ್ಕೆ 10 ಭಾಗವನ್ನು ಮೀರಬಾರದು, ಅವನ ಸ್ವಂತ ಬಳಕೆಗೇ ಇರಬೇಕು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು. ಊರಿಗೆ ಹತ್ತಿರದ ಹೊಲದಲ್ಲಿ “ಹೊಲಮನೆ” ಎಂದು ಕಟ್ಟಿ ಅಂಗಡಿಗೋ ಗೋದಾಮಿಗೋ ಕೊಟ್ಟರೆ ಅದು ಉಲ್ಲಂಘನೆ. ಅಂಥ ಬಳಕೆಗೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆ ಆಗಬೇಕು.

ಮಸೀದಿ, ದರ್ಗಾ, ಕಬರಸ್ತಾನದ ಜಾಗದಲ್ಲಿ ಬಾಡಿಗೆಗಿರುವ ಕುಟುಂಬಗಳೂ ನಮ್ಮಲ್ಲಿವೆ. ಅವರು ಇನ್ನಷ್ಟು ಎಚ್ಚರವಾಗಿರಬೇಕು. “ಮುತವಲ್ಲಿ ಸಾಹೇಬರು ಹೂಂ ಅಂದಿದ್ದಾರೆ” ಎಂಬ ಬಾಯಿಮಾತಿನ ಮೇಲೆ ಪಕ್ಕಾ ಗೋಡೆ ಎಬ್ಬಿಸಬೇಡಿ. ವಕ್ಫ್ ಆಸ್ತಿ ಯಾರ ಖಾಸಗಿ ಸ್ವತ್ತೂ ಅಲ್ಲ, ಮುತವಲ್ಲಿ ಅದರ ಕಾವಲುಗಾರ ಮಾತ್ರ. ವಕ್ಫ್ ಮಂಡಳಿಯ ಲಿಖಿತ ಒಪ್ಪಿಗೆ ಇಲ್ಲದೆ ಹಾಕಿದ ಹಣ ಕಾನೂನಿನಲ್ಲೂ ಉಳಿಯದು. ಇನ್ನು ಅಲ್ಲಾಹನ ಹೆಸರಿಗೆ ಬಿಟ್ಟ ಜಾಗವನ್ನು ಒಂದೊಂದು ಅಡಿಯಾಗಿ ಒತ್ತಿಕೊಳ್ಳುವುದರ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ಕಾಗದದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಹರಿದಾಡುವ ಕೆಲವು ತಪ್ಪು ತಿಳಿವಳಿಕೆಗಳಿವೆ.

“ತೆರಿಗೆ ಕಟ್ಟುತ್ತಿದ್ದೇವೆ, ಆದ್ದರಿಂದ ಸಕ್ರಮ” ಎನ್ನುವುದು ಮೊದಲನೆಯದು. ತೆರಿಗೆಯ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಕಟ್ಟಲು ಅನುಮತಿ ಇತ್ತೆಂಬುದಕ್ಕಲ್ಲ. 2025ರಲ್ಲಿ ರಾಜ್ಯ ಸರ್ಕಾರ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಸಿತು. ಬಿ ಖಾತಾ ಸಿಕ್ಕಿತೆಂದರೆ ಆಸ್ತಿ ದಾಖಲೆಗೆ ಬಂತು, ತೆರಿಗೆಗೆ ಒಳಪಟ್ಟಿತು ಎಂದರ್ಥ. ಎಲ್ಲ ದೋಷವೂ ತೊಳೆದುಹೋಯಿತು ಎಂದಲ್ಲ.

“ಕಟ್ಟಿದ ಮೇಲೆ ಯಾರು ಕೇಳುತ್ತಾರೆ?” ಎನ್ನುವುದು ಎರಡನೆಯದು. ಈಗ ಹೆಸ್ಕಾಂನವರು ಕೇಳುತ್ತಾರೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿತು. ಆ ಬಳಿಕ ರಾಜ್ಯದಲ್ಲಿ ಬಹಳಷ್ಟು ಹೊಸ ಮೀಟರಿನ ಅರ್ಜಿಗಳು ನಿಂತುಹೋದವು. 2025ರಲ್ಲಿ ಸರ್ಕಾರ 1200 ಚದರ ಅಡಿಯವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ವಿನಾಯಿತಿಯ ನಿರ್ಧಾರ ಮಾಡಿತು. ನಿಮ್ಮ ಮನೆ ಅದರೊಳಗೆ ಬರುತ್ತದೆಯೇ ಎಂದು ಪುರಸಭೆಯಲ್ಲಿ ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಿತ್ತಲ ಕೋಣೆಗೆ ಬೇರೆ ಮೀಟರ್ ಬೇಕೆನ್ನುವವರಿಗೆ ಇದು ಮುಖ್ಯ.

“ಅನುಮತಿ ಇಲ್ಲದಿದ್ದರೆ ನಾಳೆಯೇ ಜೆಸಿಬಿ ಬರುತ್ತದೆ” ಎಂಬ ಭಯ ಮೂರನೆಯದು. ಹಾಗೂ ಅಲ್ಲ. 2024ರ ನವೆಂಬರ್ 13ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನೋಟಿಸು ಕೊಡದೆ ಮನೆ ಕೆಡವಬಾರದು, ಉತ್ತರಿಸಲು ಕಡಿಮೆಯೆಂದರೂ 15 ದಿನ ಕೊಡಬೇಕು, ನೋಟಿಸು ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ಕಟ್ಟಡದ ಮೇಲೂ ಅಂಟಿಸಬೇಕು ಎಂದು ವಿಧಿಸಿದೆ. ಆದರೆ ರಸ್ತೆ, ಪಾದಚಾರಿ ಮಾರ್ಗ, ನದಿ ಪಾತ್ರದಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ನೋಟಿಸು ಬಂದಾಗ ಗಂಡಸರು ಮನೆಯಲ್ಲಿಲ್ಲವೆಂದು ಅದನ್ನು ಗೂಡಿನಲ್ಲಿಟ್ಟು ಮರೆಯಬೇಡಿ. 15 ದಿನ ಬಹಳ ಬೇಗ ಕಳೆಯುತ್ತವೆ.

ನೆರೆಮನೆಯವರನ್ನೂ ಮರೆಯಬೇಡಿ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ ಒಂದು ಮನೆಗೆ 20 ವರ್ಷ ಅಡ್ಡಿಯಿಲ್ಲದೆ ಕಿಟಕಿಯಿಂದ ಬೆಳಕು, ಗಾಳಿ ಬಂದಿದ್ದರೆ, ಹಿತ್ತಲ ಹಾದಿಯಲ್ಲಿ 20 ವರ್ಷ ಹಕ್ಕಿನಿಂದ ಓಡಾಡಿದ್ದರೆ, ಅದು ಅವರ ಹಕ್ಕಾಗಬಹುದು. ಶೆಡ್ಡಿನ ಕಾಲದಲ್ಲಿ ಅವರ ಕಿಟಕಿಗೆ ಅಡ್ಡವಾಗಿರಲಿಲ್ಲ. ನಿಮ್ಮ ಹತ್ತು ಅಡಿಯ ಗೋಡೆ ಅಡ್ಡವಾಗುತ್ತದೆ. ನಿಮ್ಮ ಹೊಸ ಕಿಟಕಿಯೂ ಅವರ ಬಚ್ಚಲ ಕಡೆ ತೆರೆಯದಿರಲಿ. ನಮ್ಮ ಮರೆ ನಮಗೆ ಎಷ್ಟು ಮುಖ್ಯವೋ ಅವರ ಮರೆ ಅವರಿಗೂ ಅಷ್ಟೇ.

ಪಾಲಿನ ಮಾತು

ನೆಲ, ಕಾಗದ ಎರಡೂ ಸರಿಯಿದ್ದರೂ ಮೂರನೆಯದು ಉಳಿದಿದೆ, ಅದೇ ಅತಿ ಕಷ್ಟದ್ದು. ಹಿತ್ತಲು ಯಾರದು?

ಬಹಳ ಮನೆಗಳಲ್ಲಿ ಉತಾರ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೋ ಅಜ್ಜನ ಹೆಸರಿನಲ್ಲೋ ಇರುತ್ತದೆ. ವಾಟ್ನಿ ಆಗಿರುವುದಿಲ್ಲ. ಒಂದು ಉದಾಹರಣೆಯಿಂದ ನೋಡೋಣ. 1200 ಚದರ ಅಡಿಯ ಜಾಗ. ತಂದೆ ತೀರಿಹೋಗಿದ್ದಾರೆ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದಾರೆ. ಶರೀಅತ್‌ನ ಲೆಕ್ಕದಲ್ಲಿ ತಾಯಿಗೆ ಎಂಟನೇ ಒಂದು ಭಾಗ, ಅಂದರೆ 150 ಚದರ ಅಡಿ. ಉಳಿದ 1050ರಲ್ಲಿ ಗಂಡುಮಕ್ಕಳಿಗೆ ತಲಾ 420, ಮಗಳಿಗೆ 210. ಈಗ ಹಿರಿಯ ಮಗ ಹಿತ್ತಲ ಶೆಡ್ಡು ಕಿತ್ತು ಪಕ್ಕಾ ಕೋಣೆ ಕಟ್ಟುತ್ತಾನೆ. ಎದುರಿನ ಹಳೆಮನೆಯಲ್ಲಿ ಕಿರಿಯ ಮಗ ಇದ್ದಾನೆ. ತಂಗಿಯ 210 ಚದರ ಅಡಿ ಎಲ್ಲಿ ಹೋಯಿತು? ಯಾರೂ “ನಿನಗೆ ಕೊಡುವುದಿಲ್ಲ” ಎಂದಿಲ್ಲ. ಯಾರೂ ಜಗಳವಾಡಿಲ್ಲ. ಆದರೆ ಲೆಕ್ಕದಲ್ಲಿರುವ ಅವಳ ಜಾಗದ ಮೇಲೆ ನೆಲದಲ್ಲಿ ಗೋಡೆ ನಿಂತಿದೆ. ಶೆಡ್ಡು ಇದ್ದಾಗ ಅದನ್ನು ಸರಿಸಿ ಪಾಲು ಕೊಡಬಹುದಿತ್ತು. ಈಗ ಕೇಳಿದರೆ “ಕಟ್ಟಿದ ಮನೆ ಕೆಡವಲೇ?” ಎಂಬ ಉತ್ತರ ಬರುತ್ತದೆ. ತವರಿನ ಬಾಗಿಲು ಮುಚ್ಚೀತೆಂದು ಅವಳು ಸುಮ್ಮನಾಗುತ್ತಾಳೆ. ಹೆಣ್ಣುಮಕ್ಕಳ ಹಕ್ಕು ಹೀಗೆ ಸದ್ದಿಲ್ಲದೆಯೇ ಹೋಗುತ್ತದೆ.

ಸಹೋದರಿಯರೇ, ಈ ಪಾಲುಗಳನ್ನು ಸೂರಃ ಅನ್ನಿಸಾದಲ್ಲಿ ಅಲ್ಲಾಹನೇ ನಿಗದಿ ಮಾಡಿದ್ದಾನೆ. ಬೇರೆಯವರ ಒಂದು ಗೇಣು ನೆಲವನ್ನು ಅನ್ಯಾಯವಾಗಿ ಒತ್ತಿಕೊಂಡವನಿಗೆ ಪ್ರವಾದಿಯವರು(ಸ) ಕೊಟ್ಟ ಎಚ್ಚರಿಕೆಯನ್ನು ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿದ್ದೇವೆ. ಆ “ಬೇರೆಯವರು” ಎಂದರೆ ಪಕ್ಕದ ಹೊಲದವನು ಮಾತ್ರವಲ್ಲ, ಒಡಹುಟ್ಟಿದ ತಂಗಿಯೂ ಹೌದು. ಅಕ್ಕತಂಗಿಯರು ಸಂತೋಷದಿಂದ ಬಿಟ್ಟುಕೊಡುವುದುಂಟು. ಆದರೆ ತನ್ನ ಪಾಲು ಎಷ್ಟೆಂದು ತಿಳಿಯದವಳು, ಇಲ್ಲ ಎನ್ನುವ ಧೈರ್ಯವಿಲ್ಲದವಳು ಬಿಟ್ಟುಕೊಟ್ಟದ್ದು ಸಂತೋಷವಲ್ಲ. ಮೊದಲು ಅಳೆದು, ತೋರಿಸಿ, “ಇದು ನಿನ್ನದು” ಎಂದು ಹೇಳಿ. ಆಮೇಲೆ ಅವಳು ಕೊಟ್ಟರೆ ಅದು ಕೊಡುಗೆ.

ಇನ್ನು ತವರಿಗೆ ಮರಳಿದ ಮಗಳ ಮಾತು. ತಂದೆ ಬದುಕಿದ್ದಾರೆ, “ಈ ಶೆಡ್ಡಿನ ಜಾಗ ನಿನಗೇ ಮಗಳೇ, ಕಟ್ಟಿಕೊ” ಎನ್ನುತ್ತಾರೆ. ಅವಳು ಮಹರ್‌ನ ಬಂಗಾರ ಮಾರಿ ಸ್ಲ್ಯಾಬು ಹಾಕಿಸುತ್ತಾಳೆ. ತಂದೆ ತೀರಿಕೊಂಡ ಮೇಲೆ ಉತಾರದಲ್ಲಿ ಅವಳ ಹೆಸರೂ ಇಲ್ಲ, ಬಂಗಾರವೂ ಇಲ್ಲ. ಅಂಥ ತಂದೆ ಮಾಡಬೇಕಾದದ್ದು ಹಿಬಾ. ಅದಕ್ಕೆ ಮೂರು ಅಂಗಗಳು: ಕೊಟ್ಟೆನೆಂದು ಸ್ಪಷ್ಟವಾಗಿ ಹೇಳುವುದು, ಅವಳು ಸ್ವೀಕರಿಸುವುದು, ಜಾಗವನ್ನು ಅವಳ ವಶಕ್ಕೆ ಒಪ್ಪಿಸುವುದು. ಬೇರ್ಪಡಿಸದ ಜಾಗದ ಹಿಬಾ ಹನಫೀ ಫಿಕ್ಹ್‌ನಲ್ಲಿ ತೊಡಕಿನದು. ಆದ್ದರಿಂದ ಅಳತೆ ಮಾಡಿಸಿ, ಕಲ್ಲು ನೆಡಿಸಿ ಕೊಡಬೇಕು. ಮುಸ್ಲಿಮರ ಹಿಬಾ ನೋಂದಣಿಯಿಲ್ಲದೆಯೂ ಸಿಂಧುವಾಗಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ ನಿಜ. ಆದರೂ ಉಪನೋಂದಣಿ ಕಚೇರಿಗೆ ಹೋಗಿ ದಾನಪತ್ರ ನೋಂದಾಯಿಸಿ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ. ಉತಾರದಲ್ಲಿ ಹೆಸರು ಏರಿಸಲು, ಕಟ್ಟಡದ ಅನುಮತಿ ಕೇಳಲು, ನಾಳೆ ಸಾಲ ತೆಗೆಯಲು ಅದೇ ಆಧಾರ. ವಸಿಯತ್ ಬರೆದಿಟ್ಟರೆ ಸಾಕೆಂದು ತಿಳಿಯಬೇಡಿ. ವಾರಸುದಾರರಿಗೆ ಬರೆದ ವಸಿಯತ್ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಡೆಯುತ್ತದೆ.

ಉಳಿದ ಮಕ್ಕಳಿಗೆ ಗುಟ್ಟಾಗಿ ಇದನ್ನು ಮಾಡಬೇಡಿ. ಒಬ್ಬ ಮಗನಿಗೆ ಮಾತ್ರ ಕೊಡುಗೆ ಕೊಟ್ಟು ಪ್ರವಾದಿಯವರನ್ನು(ಸ) ಸಾಕ್ಷಿಯಾಗಲು ಕೇಳಿದ ಸಹಾಬಿಗೆ ಅವರು, ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟೆಯಾ ಎಂದು ಕೇಳಿ, ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ನೆಲೆಯಿಲ್ಲದ ಮಗಳಿಗೆ ನೆಲೆ ಕೊಡುವುದಕ್ಕೆ ಕಾರಣವಿದೆ. ಆ ಕಾರಣವನ್ನು ಗಂಡುಮಕ್ಕಳ ಮುಂದೆ, ಸೊಸೆಯಂದಿರ ಮುಂದೆ ಬಿಚ್ಚಿ ಹೇಳಿ, ಒಪ್ಪಿಸಿ ಮಾಡಿ. ಮುಂದೆ ಅದೇ ಅಂಗಳದಲ್ಲಿ ಒಟ್ಟಿಗೆ ಬಾಳಬೇಕಾದವರು ಅವರೇ.

ಹಣ ಯಾರದೆಂಬುದನ್ನೂ ಬರೆದಿಡಿ. ಗಲ್ಫಿನಲ್ಲೋ ಪುಣೆಯಲ್ಲೋ ದುಡಿಯುವ ತಮ್ಮ ಎರಡು ಲಕ್ಷ ಕಳಿಸುತ್ತಾನೆ, ಊರಿನಲ್ಲಿರುವ ಅಣ್ಣ ಕಟ್ಟಿಸುತ್ತಾನೆ. ಆ ಹಣ ಸಾಲವೋ, ಕೊಡುಗೆಯೋ, ಕೋಣೆಯಲ್ಲಿ ಪಾಲೋ? ಹತ್ತು ವರ್ಷದ ನಂತರ ಇಬ್ಬರೂ ಬೇರೆ ಬೇರೆ ಉತ್ತರ ಹೇಳುತ್ತಾರೆ, ಇಬ್ಬರೂ ತಮ್ಮ ನೆನಪಿನ ಪ್ರಕಾರ ನಿಜವನ್ನೇ ಹೇಳುತ್ತಿರುತ್ತಾರೆ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನ್ ಆಜ್ಞಾಪಿಸಿದ್ದು ಅಪನಂಬಿಕೆಯಿಂದಲ್ಲ, ಪ್ರೀತಿ ಉಳಿಯಲೆಂದೇ. ಹೆಂಡತಿಯ ಬಂಗಾರ ಹೋದರೆ ಅದನ್ನೂ ತೂಕದ ಸಮೇತ ಬರೆದಿಡಿ. ಮಹರ್ ಅವಳ ಸ್ವಂತದ್ದು. ಸ್ಲ್ಯಾಬಿನಲ್ಲಿ ಕರಗಿದ ಮಾತ್ರಕ್ಕೆ ಅದು ಮನೆಯವರದ್ದಾಗುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಮೊದಲು ಉತಾರ ತೆಗೆಸಿ. ಸಿಟಿ ಸರ್ವೆ ಆದ ಕಡೆ ಪ್ರಾಪರ್ಟಿ ಕಾರ್ಡೂ ಇರಲಿ. ತೀರಿಹೋದವರ ಹೆಸರಿದ್ದರೆ ಹೆಣ್ಣುಮಕ್ಕಳೂ ಸೇರಿದಂತೆ ಎಲ್ಲ ವಾರಸುದಾರರ ಹೆಸರು ಏರಿಸಿ. “ಹೆಣ್ಣುಮಕ್ಕಳ ಹೆಸರು ಬೇಡ, ಸಹಿಗೆ ಕರೆಯುವ ತೊಂದರೆ” ಎಂಬ ಮಾತು ಬಂದರೆ ಅಲ್ಲೇ ತಡೆಯಿರಿ. ಎರಡನೆಯದಾಗಿ, ಮನೆಮಂದಿಯೆಲ್ಲ ಕೂತು ಯಾರ ಪಾಲು ಎಲ್ಲಿ ಎಂದು ಅಳೆದು ಬರೆಯಿರಿ, ಸಹಿ ಮಾಡಿ; ವಾಟ್ನಿಪತ್ರವನ್ನು ನೋಂದಾಯಿಸಿ. ಮೂರನೆಯದಾಗಿ, ಹಿರಿಯ ಹೆಂಗಸರನ್ನು ಕೇಳಿ ಹಗೇವು, ಹಳೆಯ ಬಾವಿ, ಬಚ್ಚಲಗುಂಡಿಯ ಜಾಗ ತಿಳಿದುಕೊಂಡು, ಗುಂಡಿ ತೆಗೆಸಿ ಮಣ್ಣು ನೋಡಿಸಿ. ನಾಲ್ಕನೆಯದಾಗಿ, ಎಂಜಿನಿಯರ್ ಬರೆದ ನಕ್ಷೆಯೊಂದಿಗೆ ಪುರಸಭೆಗೋ ಪಂಚಾಯತಿಗೋ ಅರ್ಜಿ ಕೊಡಿ. 2011ರ ಸಕಾಲ ಕಾಯ್ದೆಯಡಿ ಅರ್ಜಿಗೆ ಸ್ವೀಕೃತಿ ಸಂಖ್ಯೆ ಕೊಡುತ್ತಾರೆ; ಅದನ್ನು ಕೇಳಿ ಪಡೆಯಿರಿ, ಸುಮ್ಮನೆ ಅಲೆಯುವುದು ತಪ್ಪುತ್ತದೆ. ಅನುಮತಿ ಕೈಗೆ ಬಂದ ಮೇಲೆ ಗೌಂಡಿಗೆ ಮುಂಗಡ ಕೊಡಿ. ಮುಂಗಾರಿಗೆ ಮುಂಚೆ ಪಾಯ ಮುಗಿಯುವಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಮಾಡಲು ಎರಡು ಮೂರು ತಿಂಗಳು ಹೆಚ್ಚು ಹಿಡಿದೀತು. ಅಷ್ಟು ದಿನ ತಗಡಿನ ಕೆಳಗೇ ಇರಬೇಕಾದೀತು. ಬಿಸಿಲಿಗೆ ತಗಡಿನ ಮೇಲೆ ಸುಣ್ಣ ಬಳಿಸಿ, ಜೋಳದ ದಂಟು ಹೊದಿಸಿ ತಂಪು ಮಾಡಿಕೊಳ್ಳಿ, ಒಲೆಯ ಕಿಡಿ ಮಾತ್ರ ಅದರ ಹತ್ತಿರ ಸುಳಿಯದಿರಲಿ. ಒಂದು ಬೇಸಿಗೆಯ ಬಿಸಿಲು ತಡೆದುಕೊಳ್ಳಬಹುದು. ಒಡಹುಟ್ಟಿದವರ ನಡುವೆ ಎದ್ದ ಗೋಡೆಯನ್ನು ಜೀವನಪೂರ್ತಿ ತಡೆದುಕೊಳ್ಳಬೇಕಾಗುತ್ತದೆ.

ಗಂಡಸರು ಕಟ್ಟುವ ಮಾತಾಡುವಾಗ ಚಹಾ ಕೊಟ್ಟು ಒಳಗೆ ಹೋಗಬೇಡಿ. ಕೂತು ಕೇಳಿ: ನೆಲ ನೋಡಿದ್ದೀರಾ, ಅನುಮತಿ ಇದೆಯಾ, ಆಪಾಳ ಪಾಲು ಎಲ್ಲಿದೆ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಮನೆಯಲ್ಲಿ ಬಿಸ್ಮಿಲ್ಲಾ ಹೇಳಿ ಮೊದಲ ಕಲ್ಲು ಇಡಲಿ. ಅಂಥ ಕೋಣೆಯಲ್ಲಿ ಅಲ್ಲಾಹನು ಬರಕತ್ ಕೊಡಲಿ.